ಜಿನ್ನವ್ವನ ಕೈಯ ಉಗಿ, ಜಿನ್ನವ್ವನ ಕೈಯ ನೀರು

ಮೂಡಲ ದಿಕ್ಕಿಗೆ ಬೆಳಕು ಇನ್ನೂ ಬೂದಿ ಬಣ್ಣದಲ್ಲಿದೆ. ಘಟಪ್ರಭಾದಿಂದ ಹುಕ್ಕೇರಿಗೆ ಹೋಗುವ ರಸ್ತೆಯ ಪಕ್ಕದ ಕಾರ್ಖಾನೆಯೊಳಗೆ, ಎರಡಾಳು ಎತ್ತರದ ಉಕ್ಕಿನ ಟಾಕಿಯ ಮುಂದೆ ಜಿನ್ನವ್ವ ನಿಂತಿದ್ದಾರೆ. ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೊಂದು ಬಿಳಿ ಕೋಟು ಹಾಕಿಕೊಂಡಿದ್ದಾರೆ. ಬಲಗೈ ಉಗಿಯ ವಾಲ್ವಿನ ಮೇಲಿದೆ. ಕಣ್ಣು ಮಾತ್ರ ಗೋಡೆಯ ಮೇಲಿರುವ ಒತ್ತಡದ ಮುಳ್ಳನ್ನು ಬಿಟ್ಟು ಕದಲುತ್ತಿಲ್ಲ. ಶೆಡ್ಡಿನ ತುಂಬ ಕಾಕಂಬಿಯ ಸಿಹಿ ವಾಸನೆ, ಬೆಂದ ಶೇಂಗಾ ಹಿಂಡಿಯ ವಾಸನೆ. ಜಿನ್ನವ್ವನ ತುಟಿ ಸಣ್ಣಗೆ ಅಲುಗುತ್ತಿದೆ. ಜೈನರ ಣಮೋಕಾರ ಮಂತ್ರ.

ಬಾಯ್ಲರಿನ ಕಡೆಯಿಂದ ಮಹಮ್ಮದಗೌಸ ಕೂಗುತ್ತಾರೆ. ಉಗಿ ಕಾಯಿಸುವುದು ಅವರ ಕೆಲಸ.

"ಜಿನ್ನವ್ವಕ್ಕಾ, ಈಗರ ಬಿಡ್ರಿ! ನಿಮ್ಮ ಮಂತ್ರ ಮುಗಿಯೂದ್ರಾಗ ನನ್ನ ಕಟಗಿ ಎಲ್ಲಾ ಬೂದಿ ಆಗತಾವ."

"ಮುಳ್ಳ ಇನ್ನಾ ಏರಿಲ್ಲೋ ಗೌಸ. ಅರ್ಧಾಮರ್ಧಾ ಉಗಿ ನನಗ ಬ್ಯಾಡ. ನಿನ್ನ ಬೆಂಕಿಗಿ ಬಿರುಸಿಲ್ಲ, ನನ್ನ ಮಂತ್ರಕ್ಕ ಬೈತಿ."

"ಬೆಂಕಿಗಿ ಬಿರುಸ ಐತ್ರಿ. ನನಗ ಇನ್ನಾ ಚಾ ಇಲ್ಲ."

ಮುಳ್ಳು ಏರುತ್ತದೆ. ಜಿನ್ನವ್ವ ವಾಲ್ವನ್ನು ಒಂದೇ ಏಟಿಗೆ ಪೂರ್ತಿ ತಿರುಗಿಸುತ್ತಾರೆ. ಉಗಿ ಭೋರ್ ಎಂದು ಟಾಕಿಗೆ ನುಗ್ಗುತ್ತದೆ. ಟಾಕಿಯೊಳಗಿನ ಕೋಟ್ಯಂತರ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಜಿನ್ನವ್ವ ಕಣ್ಣು ಮುಚ್ಚುವುದಿಲ್ಲ, ಮುಖ ತಿರುಗಿಸುವುದಿಲ್ಲ. ಉಗಿಯ ಸದ್ದು ಇಳಿಯುವವರೆಗೆ ಅಲ್ಲೇ ನಿಂತಿರುತ್ತಾರೆ.

ಆ ಬ್ಯಾಕ್ಟೀರಿಯಾಗಳು ಸಾಯುವ ಮುಂಚೆ ಮಾಡಿಟ್ಟು ಹೋದ ಪದಾರ್ಥಕ್ಕೆ ಅಮೈಲೇಸ್ ಎನ್ನುತ್ತಾರೆ. ಗಂಜಿಯನ್ನು ಕತ್ತರಿಸಿ ನೀರಲ್ಲಿ ಕರಗಿಸುವ ಕಿಣ್ವ. ಅದನ್ನು ಮೊದಲೇ ಬೇರೆ ಮಾಡಿ ಒಣಗಿಸಿ ಚೀಲ ತುಂಬುತ್ತಾರೆ. ಗೋಕಾಕದ ಬಣ್ಣದ ಘಟಕಗಳಲ್ಲಿ ನಾವು ಅದನ್ನು "ಪುಡಿ" ಎನ್ನುತ್ತೇವೆ. ಯಾರ ಕೈಯಿಂದ ಬರುತ್ತದೆ ಎಂದು ಇಷ್ಟು ವರ್ಷ ನಾವ್ಯಾರೂ ಕೇಳಿರಲಿಲ್ಲ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟು ಅಂಥ ಒಂದು ಘಟಕಕ್ಕೆ ಸೇರಿದವನು. ಅಲ್ಲಿ ನನಗೆ ಕೆಲಸ ಕಲಿಸಿದವರು ಸಾತಪ್ಪ ಕಾಕಾ. ಮಗ್ಗಕ್ಕೆ ಏರಿಸುವ ಮೊದಲು ನೂಲು ಹರಿಯಬಾರದೆಂದು ಗಂಜಿ ಹಾಕುತ್ತಾರೆ. ನೇಯ್ದ ಮೇಲೆ ಆ ಗಂಜಿ ಬಿಡಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಿಡಿಸಲು ಆಗ ನಮಗಿದ್ದ ದಾರಿ ಒಂದೇ, ಆ್ಯಸಿಡ್ ನೀರು. ಬಟ್ಟೆ ಮುಳುಗಿಸಬೇಕು, ಕೈಹಾಕಿ ತಿರುವಬೇಕು, ಎತ್ತಿ ಹಿಂಡಬೇಕು. ಕೈಗವಸು ಕೊಡಿ ಎಂದರೆ "ಒಗ್ಯಾಣ ಮಾಡಾಕ ಬಂದೀಯೋ, ಮದಿವಿಗಿ ಬಂದೀಯೋ" ಎಂದು ನಗುತ್ತಿದ್ದರು. ಸಾತಪ್ಪ ಕಾಕಾನ ಆರು ಬೆರಳುಗಳಿಗೆ ಈಗ ಉಗುರಿಲ್ಲ. ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಮುರಿಯುವುದು ಅವರ ಹೆಂಡತಿ.

ನಾನು ಸೇರಿದ ಸ್ವಲ್ಪ ದಿನಕ್ಕೇ ಪುಡಿ ಬಂತು. ಬಿಸಿನೀರಿಗೆ ಒಂದಿಷ್ಟು ಹಾಕಿ ಬಟ್ಟೆ ನೆನೆಸಿಟ್ಟರೆ ಗಂಜಿ ತಾನೇ ಬಿಡುತ್ತದೆ. ಕೈಗೆ ಏನೂ ಆಗುವುದಿಲ್ಲ. ನಮ್ಮ ಮಾಲಕ ಪುಡಿಗೆ ಬದಲಾದದ್ದು ಸಾತಪ್ಪ ಕಾಕಾನ ಉಗುರು ನೋಡಿಯಲ್ಲ. ಆ್ಯಸಿಡ್ಡಿನಿಂದ ಬಟ್ಟೆ ತೂತು ಬೀಳುತ್ತಿತ್ತು, ಅದಕ್ಕೆ. ಬಟ್ಟೆಯ ಮೇಲೆ ಮರುಕಪಟ್ಟರು, ನಮ್ಮ ಕೈ ಉಳಿಯಿತು. ಹೋದ ವರ್ಷ ಗೋಕಾಕದಲ್ಲಿ ಈ ಪುಡಿಯ ಬಗ್ಗೆ ಒಂದು ಸಮಾರಂಭ ಆಯಿತು. ಕಾರ್ಖಾನೆಯ ಮಾಲಕರಿಗೆ ಶಾಲು, ಬಣ್ಣದ ಘಟಕದ ಮಾಲಕರಿಗೆ ಶಾಲು, ಅವರಿಬ್ಬರನ್ನೂ ಹೊಗಳಿ ಭಾಷಣ ಮಾಡಿದವರಿಗೂ ಒಂದು ಶಾಲು. ಮರುದಿನದ ಪೇಪರಿನಲ್ಲಿ ಮೂರೂ ಶಾಲುಗಳ ಫೋಟೊ. ಅವತ್ತಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ಇವತ್ತು ಸಿಟ್ಟಿಗಿಂತ ದೊಡ್ಡದೊಂದು ಋಣ ಇದೆ. ಅದನ್ನು ತೀರಿಸಲು ಬರೆಯಲು ಕುಳಿತಿದ್ದೇನೆ.

ಜಿನ್ನವ್ವ ಮೂಡಲಗಿ ಕಡೆಯ ಒಕ್ಕಲುತನದ ಜೈನ ಮನೆತನದ ಮಗಳು. ಹುಕ್ಕೇರಿಯ ಬಸದಿ ಓಣಿಗೆ ಸೊಸೆಯಾಗಿ ಬಂದರು. ಯಜಮಾನರದು ಸಣ್ಣದೊಂದು ಕಿರಾಣಿ ಅಂಗಡಿ ಇತ್ತು. ಅದೇ ಓಣಿಯ ತುದಿಗೆ ದೊಡ್ಡ ಅಂಗಡಿ ಬಂದ ಮೇಲೆ ಅದು ನಡೆಯಲಿಲ್ಲ. ಯಜಮಾನರು ಆ ದೊಡ್ಡ ಅಂಗಡಿಯಲ್ಲೇ ತೂಕ ಮಾಡುವ ಕೆಲಸಕ್ಕೆ ನಿಂತರು. ತೊಂಬತ್ತೆಂಟರಲ್ಲಿ ಕಾರ್ಖಾನೆ ಶುರುವಾದಾಗ ಬಾಟಲಿ ತೊಳೆಯಲು ಹೆಂಗಸರು ಬೇಕು ಎಂದು ತಿಳಿಯಿತು. ಜಿನ್ನವ್ವ ಹೋದರು.

"ಬಾಟಲಿ ತೊಳಿಯೂದರ ಕೆಲಸ ಅಲ್ಲೇನು, ಅದ್ರಾಗೇನ ಪಾಪ ಐತಿ ಅಂತ ಹ್ವಾದ್ನಿ ತಮ್ಮಾ. ಒಳಗ ಏನ ಸಾಕ್ಯಾರ ಅಂತ ನನಗೇನ ಗೊತ್ತು?" ಎನ್ನುತ್ತಾರೆ.

ಒಳಗೆ ಏನು ಸಾಕಿದ್ದಾರೆ ಎಂಬುದನ್ನು ನನಗೆ ಹೇಳಿದವರು ಪ್ರಯೋಗಾಲಯದ ಮುಖ್ಯಸ್ಥೆ ಶ್ರದ್ಧಾ ಮೇಡಮ್. ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಅದು ಮಾಡುವ ಕಿಣ್ವ ಕುದಿಯುವ ನೀರಿಗೂ ಬಗ್ಗುವುದಿಲ್ಲ. ಆದರೆ ಅದನ್ನು ಸಾಕುವುದು ಕಷ್ಟ, ಬೆಳೆಯುವುದೂ ನಿಧಾನ. ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾ ಇದೆ. ಸಾಧು ಪ್ರಾಣಿ, ಕೊಟ್ಟದ್ದು ತಿಂದು ಬೇಗ ಬೆಳೆಯುತ್ತದೆ. ವಿಜ್ಞಾನಿಗಳು ಮೊದಲನೆಯದರ ವಂಶವಾಹಿಯನ್ನು ತೆಗೆದು ಎರಡನೆಯದಕ್ಕೆ ಸೇರಿಸಿದ್ದಾರೆ. ಈಗ ಸಾಧು ಪ್ರಾಣಿಯೇ ಬಿಸಿಗೆ ಬಗ್ಗದ ಕಿಣ್ವವನ್ನು ಮಾಡುತ್ತದೆ, ಅದೂ ಮೊದಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದೊಡ್ಡ ಗಿರಣಿಗಳಿಗೆ ಮಾತ್ರ ಎಟುಕುತ್ತಿದ್ದ ಪರದೇಶದ ಪುಡಿ ನಮ್ಮಂಥ ತಗಡಿನ ಶೆಡ್ಡುಗಳಿಗೂ ಬಂದದ್ದು ಹಾಗೆ.

ಜಿನ್ನವ್ವ ಇದನ್ನೇ ಒಂದು ಮಾತಿನಲ್ಲಿ ಮುಗಿಸುತ್ತಾರೆ. "ಬ್ಯಾರೆ ಊರಿನ ವಿದ್ಯಾ ನಮ್ಮೂರ ಜೀವಕ್ಕ ಕಲಿಸ್ಯಾರ."

ಕಾರ್ಖಾನೆಯಲ್ಲಿ ಉಳಿದವರೆಲ್ಲ "ಹುಳ" ಎನ್ನುತ್ತಾರೆ. ಜಿನ್ನವ್ವ ಒಬ್ಬರೇ "ಜೀವ" ಎನ್ನುವುದು.

ಈ ಹೊಸ ಬ್ಯಾಕ್ಟೀರಿಯಾ ಹೊರಗೆ ಹೋಗಬಾರದು ಎಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರತಿ ಸಲ ಕಿಣ್ವ ತೆಗೆದ ಮೇಲೆ ಟಾಕಿಯಲ್ಲಿ ಉಳಿದದ್ದನ್ನೆಲ್ಲ ಉಗಿಯಿಂದ ಕೊಂದೇ ಹೊರಗೆ ಬಿಡಬೇಕು. ಬಾಟಲಿ ತೊಳೆದ ನೀರನ್ನೂ ಕುದಿಸಿಯೇ ಚೆಲ್ಲಬೇಕು. ಅದಕ್ಕೂ ಮೀರಿ ಇನ್ನೊಂದು ಕಾವಲಿದೆ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದ ಒಂದು ಆಹಾರವನ್ನು ಅದು ತಾನಾಗಿ ಮಾಡಿಕೊಳ್ಳದ ಹಾಗೆ ತಿದ್ದಿದ್ದಾರೆ. ಟಾಕಿಯಲ್ಲಿ ಕೈಯಾರೆ ಹಾಕಿದರೆ ಉಂಟು, ಇಲ್ಲದಿದ್ದರೆ ಉಪವಾಸ.

ಇದನ್ನೆಲ್ಲ ಬಾಟಲಿ ತೊಳೆಯುವ ಹೆಂಗಸರಿಗೆ ಯಾರೂ ಹೇಳಿರಲಿಲ್ಲ. "ನೀರು ಕುದಿಸಿ ಚೆಲ್ಲು" ಎಂದಷ್ಟೇ ಹೇಳಿದ್ದರು. ಯಾಕೆ ಎಂದು ಹೇಳುವ ಸೌಜನ್ಯ ದೊಡ್ಡವರಿಗೆ ಯಾವಾಗ ಬಂದಿದೆ?

ಜಿನ್ನವ್ವನ ಮನೆಯ ಪದ್ಧತಿ ಬೇರೆಯೇ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ. ಸೋಸಿದ ನೀರನ್ನೇ ಬಟ್ಟೆಯ ಮೇಲೆ ಹೊಯ್ದು ಅವುಗಳನ್ನು ಒಂದು ಕೊಡಕ್ಕೆ ಇಳಿಸಿ, ಅದೇ ಬಾವಿಗೆ ಮರಳಿ ಬಿಡಬೇಕು. ಮೇಲಿನಿಂದ ಸುರಿಯುವ ಹಾಗಿಲ್ಲ, ಬಿದ್ದ ಪೆಟ್ಟಿಗೆ ಸಾಯುತ್ತವೆ. ಅದಕ್ಕೆಂದೇ ಜಿನ್ನವ್ವನ ಮನೆಯಲ್ಲಿ ತಳಕ್ಕೆ ಕೊಂಡಿ ಇರುವ ಸಣ್ಣ ಕೊಡವಿದೆ. ಹಗ್ಗದಿಂದ ನೀರಿನ ಮಟ್ಟದ ತನಕ ಮೆಲ್ಲಗೆ ಇಳಿಸಿ, ಕೊಂಡಿಯ ದಾರವನ್ನು ಎಳೆದರೆ ಕೊಡ ಬಾಗಿ ನೀರು ನೀರಿಗೆ ಸೇರುತ್ತದೆ. ಬಸದಿ ಓಣಿಯಲ್ಲಿ ಈಗ ಬಹಳ ಮನೆಗಳಲ್ಲಿ ನಲ್ಲಿ ಬಂದು, ಆ ಕೊಡ ಅಟ್ಟ ಸೇರಿದೆ. ಜಿನ್ನವ್ವನ ಮನೆಯದು ಇನ್ನೂ ಬಾವಿಕಟ್ಟೆಯಲ್ಲೇ ಇದೆ.

ತೊಂಬತ್ತೊಂಬತ್ತರ ಮಳೆಗಾಲ. ಕುದಿಯುವ ಪಾತ್ರೆಗೆ ಬಾಟಲಿಯ ನೀರು ಸುರಿಯಲು ಜಿನ್ನವ್ವನಿಗೆ ಕೈ ಬರಲಿಲ್ಲ. ಅಷ್ಟರಲ್ಲಿ ಎಲ್ಲರೂ 'ಹುಳ' ಎನ್ನುವುದನ್ನು ಕೇಳಿ, ಅದರಲ್ಲಿ ಜೀವ ಇದೆ ಎಂಬುದು ಗೊತ್ತಾಗಿತ್ತು. ಅವರು ಮನೆಯಿಂದ ಕೊಂಡಿಯ ಕೊಡ ತಂದರು. ತೊಳೆದ ನೀರನ್ನು ಕೊಡಕ್ಕೆ ತುಂಬಿ, ಕಾರ್ಖಾನೆಯ ಹಿಂದಿನ ಬಾವಿಗೆ ಮೆಲ್ಲಗೆ ಇಳಿಸಿ ಬಿಡತೊಡಗಿದರು.

ಕೆಲವು ದಿನ ಯಾರಿಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಕೈಕಾಲು ತೊಳೆಯಲು ಹೋದ ಮಹಮ್ಮದಗೌಸ ನೋಡಿದರು.

"ನಾ ಕೇಳಿದ್ನಿ, ಅಕ್ಕಾ ಬಾವಿಗಿ ಏನ ಬಿಡಾಕತ್ತೀರಿ ಅಂತ. ಹಾಲ ಉಣಿಸಿದಂಗ ಸಮಾಧಾನ ಮಾರಿ ಮಾಡಿ, ಜೀವಗೋಳ್ನ ಬಿಡಾಕತ್ತೇನಿ ತಮ್ಮಾ ಅಂದ್ರು. ಯಾ ಅಲ್ಲಾ! ನನ್ನ ಕೈಯಾನ ತಂಬಗಿ ಬಾವ್ಯಾಗ ಬಿತ್ತ ನೋಡ್ರಿ. ಇನ್ನಾ ಅಲ್ಲೇ ಐತಿ ಅದು."

ಅವತ್ತು ಕಾರ್ಖಾನೆ ಕಾರ್ಖಾನೆಯಾಗಿ ಉಳಿಯಲಿಲ್ಲ. ಬಾವಿಗೆ ಹಲಗೆ ಮುಚ್ಚಿದರು. ಪಂಪು ಬಂದ್ ಮಾಡಿದರು. ಶ್ರದ್ಧಾ ಮೇಡಮ್ ಮೇಲಿನವರಿಗೆ ವರದಿ ಕಳಿಸಿ, ದಿನವೂ ಬಾವಿಯ ನೀರು ತೆಗೆದು ಪರೀಕ್ಷೆ ಮಾಡತೊಡಗಿದರು. ಬಾವಿಯ ಸುತ್ತಲಿನ ಮಣ್ಣನ್ನೂ ಬಿಡಲಿಲ್ಲ. ಜಿನ್ನವ್ವನನ್ನು ಕೆಲಸದಿಂದ ತೆಗೆಯಿರಿ ಎಂದು ಆಫೀಸಿನವರು ಹಟ ಹಿಡಿದರು. ಶ್ರದ್ಧಾ ಮೇಡಮ್ ಅಡ್ಡ ನಿಂತರು.

"ತಪ್ಪು ಅವರದಲ್ಲ, ನಮ್ಮದು" ಎಂದು ಅವರು ಇವತ್ತಿಗೂ ಹೇಳುತ್ತಾರೆ. "ಕುದಸ್ರಿ ಅಂತ ಹೇಳಿದ್ವಿ. ಯಾಕಂತ ಹೇಳಲಿಲ್ಲ. ಕಾರಣ ಕೊಡದಿದ್ರ ಮನಷ್ಯಾರು ತಮ್ಮ ಮನ್ಯಾಗಿನ ಕಾರಣಾನ ತರ್ತಾರ."

ಅವರ ಈ ಮಾತಿಗೆ ನಾನು ಕೈಮುಗಿದೆ. ಓದಿದವರ ಬಾಯಲ್ಲಿ "ತಪ್ಪು ನಮ್ಮದು" ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ಪರೀಕ್ಷೆಯ ಫಲ ಬಂತು. ಬಾವಿಯಲ್ಲಿ ಆ ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ. ಅವುಗಳಿಗೆ ಬೇಕಾದ ಆಹಾರ ಅಲ್ಲಿ ಇರಲಿಲ್ಲ, ಸತ್ತುಹೋಗಿದ್ದವು. ಎಲ್ಲರೂ ಉಸಿರು ಬಿಟ್ಟರು. ಆಫೀಸಿನವರು ಪೇಡೆ ತರಿಸಿದರು. ಶ್ರದ್ಧಾ ಮೇಡಮ್ ಖುಷಿಯಿಂದ ಓಡಿ ಬಂದು ಜಿನ್ನವ್ವನಿಗೆ ಹೇಳಿದರು.

"ಒಂದೂ ಸಿಗಲಿಲ್ಲೇನ್ರಿ?" ಎಂದು ಜಿನ್ನವ್ವ ಕೇಳಿದರು.

"ಒಂದೂ ಇಲ್ಲ. ನಿಮ್ಮ ಕೆಲಸ ಉಳೀತು."

ಜಿನ್ನವ್ವ ಪೇಡೆ ಮುಟ್ಟಲಿಲ್ಲ. ತೊಳೆಯುವ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆ ಕ್ಷಣವನ್ನು ಅವರು ನನಗೆ ಹೇಳುವಾಗಲೂ ದನಿ ಸಣ್ಣದಾಗುತ್ತದೆ. "ಬಾವ್ಯಾಗ ಬಿಟ್ರ ಬದಕ್ತಾವ ಅಂತ ತಿಳದಿದ್ನಿ ತಮ್ಮಾ. ಪೆಟ್ಟ ಬೀಳಬಾರದು ಅಂತ ಎಷ್ಟ ಮೆಲ್ಲಕ ಇಳಿಸಿದ್ನಿ. ಉಪಾಸ ಸಾಯ್ಲಿ ಅಂತ ಇಳಿಸಿದಂಗಾತು. ಅವುಕ್ಕ ಬಾವಿ ಮನಿ ಅಲ್ಲ. ಟಾಕಿನ ಮನಿ."

ಮರುದಿನ ಅವರು ಮೇಡಮ್ ಹತ್ತಿರ ಹೋಗಿ ಕೇಳಿದ್ದು ಯಾರೂ ಊಹಿಸದ ಮಾತು. ಉಗಿ ಬಿಡುವ ಕೆಲಸವನ್ನು ನನಗೆ ಕೊಡಿ ಎಂದರು.

ಅಲ್ಲಿಯ ತನಕ ಆ ಕೆಲಸವನ್ನು ಕೈಗೆ ಸಿಕ್ಕವರು ಮಾಡುತ್ತಿದ್ದರು. ಬೀಡಿ ಸೇದುತ್ತ, ಹಾಡು ಗುನುಗುತ್ತ ಉಗಿ ಬಿಡುತ್ತಿದ್ದರು. ಒತ್ತಡ ಏರುವ ಮುಂಚೆಯೇ ಬಿಟ್ಟು, ಅರೆಬೆಂದದ್ದನ್ನು ಮತ್ತೆ ಬೇಯಿಸುತ್ತಿದ್ದರು.

"ಕೊಲ್ಲೂದ ಬಿಡಾಕ ಬರೂದಿಲ್ಲ ಅಂದ್ರ, ಕೊಲ್ಲಾಕತ್ತೇನಿ ಅಂತ ಗೊತ್ತಿದ್ದವ್ರು ಕೊಲ್ಲಬೇಕು" ಎನ್ನುತ್ತಾರೆ ಜಿನ್ನವ್ವ. "ನಕ್ಕೋತ ಮಾಡೂ ಕೆಲಸ ಅಲ್ಲ ಅದು. ಅರ್ಧಾ ಸುಟ್ಟು ಅರ್ಧಾ ಬಿಡೂದಂತೂ ಬ್ಯಾಡ. ಒಮ್ಮೆಕಿಲೆ ಆಗಬೇಕು. ಅವುಕ್ಕ ತಿಳಿಯೂದ್ರಾಗ ಮುಗೀಬೇಕು."

ಅದಕ್ಕೇ ಮುಳ್ಳು ಪೂರ್ತಿ ಏರದೆ ಅವರು ವಾಲ್ವ್ ಮುಟ್ಟುವುದಿಲ್ಲ. ಮಹಮ್ಮದಗೌಸ ಎಷ್ಟು ಬೈದರೂ ಅಷ್ಟೇ. ಅವರ ಕೈಗೆ ಕೆಲಸ ಬಂದ ಮೇಲೆ, ಕೊಂದ ನಂತರದ ಪರೀಕ್ಷೆಯಲ್ಲಿ ಒಂದು ಸಲವೂ ಜೀವಂತ ಬ್ಯಾಕ್ಟೀರಿಯಾ ಸಿಕ್ಕಿಲ್ಲ ಎನ್ನುತ್ತಾರೆ ಶ್ರದ್ಧಾ ಮೇಡಮ್. ಇನ್ನೊಂದು ಅಭ್ಯಾಸವನ್ನೂ ಜಿನ್ನವ್ವ ಬೆಳೆಸಿಕೊಂಡಿದ್ದಾರೆ. ಟಾಕಿಗೆ ಬ್ಯಾಕ್ಟೀರಿಯಾ ಬಿತ್ತುವ ಬಾಟಲಿಗಳನ್ನು ತಯಾರು ಮಾಡುವಾಗ ಬೇಕಾದದ್ದಕ್ಕಿಂತ ಒಂದೂ ಹೆಚ್ಚು ಮಾಡಗೊಡುವುದಿಲ್ಲ. ಹೊಸ ಹುಡುಗಿಯರು "ಇರ್ಲಿ ಬಿಡ್ರಿ ಅಕ್ಕಾ, ಒಂದ ಹೆಚ್ಚಿಗಿ" ಎಂದರೆ, "ಹೆಚ್ಚಿಗಿ ಹುಟ್ಟಿಸಿದ್ದನ್ನ ನಿಮ್ಮವ್ವ ಬಂದ ಕೊಲ್ತಾಳೇನು?" ಎಂದು ಗದರುತ್ತಾರೆ.

ಈ ವರ್ಷದ ಆಷಾಢದಲ್ಲಿ ಹುಕ್ಕೇರಿಯ ಬಸದಿಗೆ ಒಬ್ಬರು ಮಾತಾಜಿ ಚಾತುರ್ಮಾಸಕ್ಕೆ ಬಂದರು. ಬಿಳಿ ಸೀರೆಯ, ಸಣ್ಣ ದೇಹದ ಸಾಧ್ವಿ. ದಿನಕ್ಕೆ ಒಂದೇ ಹೊತ್ತು ಆಹಾರ, ಅದನ್ನೂ ಬೊಗಸೆಯಲ್ಲಿ ತೆಗೆದುಕೊಳ್ಳುತ್ತಾರೆ. ಯಾವ ಮನೆಯಲ್ಲಿ ಎಂಬುದು ಮೊದಲೇ ನಿಶ್ಚಯವಾಗುವುದಿಲ್ಲ. ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿ ಹೊರಡುತ್ತಾರೆ. ಮನೆಮನೆಯವರು ಮಡಿಯಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಸಂಕಲ್ಪಕ್ಕೆ ಹೊಂದುವುದು ಎಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ಅಂಥ ಕೈಗಳಿಗೆ ಒಂದು ಸಲ ನೀರು ಹಾಕಬೇಕು ಎಂಬುದು ಜಿನ್ನವ್ವನ ಹಳೆಯ ಆಸೆ.

ಓಣಿಯ ಹಿರಿಯರಾದ ತವನಪ್ಪ ಕಾಕಾ ಬೇಡ ಎಂದರು. ಬಸದಿಯ ವ್ಯವಸ್ಥೆ ನೋಡುವವರು ಅವರೇ.

"ದಿನಾ ಕೋಟಿಗಟ್ಲೆ ಜೀವ ಸುಡೂ ಕೈಲೇ ಮಾತಾಜಿಗೆ ನೀರ ಹಾಕ್ತೀಯೇನವಾ? ಕೆಲಸ ಬಿಡು, ಆಮ್ಯಾಲ ಕಲಶ ಹಿಡಿ" ಎಂದರಂತೆ.

ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಬಿಡದಿದ್ದರೆ ಆಸೆ ನಡೆಯುವುದಿಲ್ಲ. ತವನಪ್ಪನವರದು ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಹತ್ತಿಯ ಹುಳಕ್ಕೆ, ಕಬ್ಬಿನ ಗೆದ್ದಲಿಗೆ ಡಬ್ಬಿಗಟ್ಟಲೆ ಔಷಧ ಮಾರುತ್ತಾರೆ. ಇದನ್ನು ತಿಳಿದಾಗ ನನಗೆ ಮೈ ಉರಿಯಿತು. ಅವರ ಬಗ್ಗೆ ಎರಡು ಪುಟ ಬರೆದೂ ಬಿಟ್ಟೆ. ಜಿನ್ನವ್ವನಿಗೆ ಓದಿ ಹೇಳಿದೆ.

"ಹರದ ಒಗಿ ಅದನ್ನ" ಎಂದರು. "ಅವ್ರು ಹಿರ್ಯಾರು. ನನ್ನ ಮದಿವ್ಯಾಗ ಅಕ್ಷತಿ ಹಾಕ್ಯಾರ. ಅವ್ರ ಅಂದದ್ದು ಖರೇನೂ ಐತಿ. ನಿನ್ನ ಸಿಟ್ಟಿಗಿ ನನ್ನ ಹೆಸರ ಹಚ್ಚಬ್ಯಾಡ."

ಹರಿದು ಒಗೆದೆ. ಅದಕ್ಕೇ ಇಲ್ಲಿ ಇಷ್ಟೇ ಇದೆ.

ಜಿನ್ನವ್ವ ನೇರವಾಗಿ ಮಾತಾಜಿಯ ಮುಂದೆ ಹೋಗಿ ಕುಳಿತರು. ಟಾಕಿ, ಉಗಿ, ಬಾವಿ ಎಲ್ಲವನ್ನೂ ಹೇಳಿದರು. ಏನನ್ನೂ ಬಚ್ಚಿಡಲಿಲ್ಲ. ಮಾತಾಜಿ ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಹಾಕಿದರು. "ಅದರಿಂದ ಏನಾಗತದ?"

"ಅರಿವ್ಯಾಗಿನ ಗಂಜಿ ಹೋಗತೈತ್ರಿ ಮಾತಾಜಿ."

"ಗಂಜಿ ಹೋಗೂದಕ್ಕ ಇಷ್ಟು ಜೀವ?"

ಇಷ್ಟು ವರ್ಷ ಮಾಡಿದ ಕೆಲಸ ಯಾರ ಉಪಯೋಗಕ್ಕೆ ಬಂತು ಎಂದು ಜಿನ್ನವ್ವನಿಗೂ ಯಾರೂ ಹೇಳಿರಲಿಲ್ಲ. ಅವರು ಮತ್ತೆ ಶ್ರದ್ಧಾ ಮೇಡಮ್ ಹತ್ತಿರ ಹೋದರು. "ನಾ ಹೇಳಿದ್ರ ಪುಸ್ತಕದ ಮಾತಾಗತೈತಿ. ಗೋಕಾಕಕ್ಕ ಹೋಗಿ ನೋಡಿ ಬರ್ರಿ" ಎಂದು ಮೇಡಮ್ ನಮ್ಮ ಘಟಕದ ವಿಳಾಸ ಕೊಟ್ಟರು.

ನಾನು ಜಿನ್ನವ್ವನನ್ನು ಮೊದಲು ನೋಡಿದ್ದು ಅವತ್ತೇ. ಸೂಟಿಯ ದಿನ ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲೊಂದು ಬುತ್ತಿಯ ಗಂಟು. ಬಾಗಿಲಲ್ಲೇ ನಿಂತು, "ಈ ಪುಡಿ ಬರೂದಕಿಂತ ಮದ್ಲ ಗಂಜಿ ಹೆಂಗ ತಗೀತಿದ್ರಿ?" ಎಂದು ಕೇಳಿದರು. ಯಾರೋ ಸರಕಾರದ ಕಡೆಯವರು ಎಂದು ಮೇಸ್ತ್ರಿ ಬೆದರಿ ಒಳಗೆ ಓಡಿದ. ಸಾತಪ್ಪ ಕಾಕಾ ಮೂಲೆಯಲ್ಲಿ ಬೋರಲು ಹಾಕಿದ್ದ ಹಳೆಯ ಆ್ಯಸಿಡ್ ತೊಟ್ಟಿಯನ್ನು ಕಾಲಿನಿಂದ ತೋರಿಸಿದರು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿದರು.

ಜಿನ್ನವ್ವ ಉಗುರಿಲ್ಲದ ಬೆರಳುಗಳನ್ನು ನೋಡಿದರು. "ಊಟಾ ಹೆಂಗ ಮಾಡ್ತೀರಿ?" ಎಂದರು.

"ಹೇಣ್ತಿ ಮುರದ ಕೊಡ್ತಾಳ್ರಿ. ಬೈಕೋತ ಕೊಡ್ತಾಳ, ಆದ್ರ ಕೊಡ್ತಾಳ."

"ಈ ಹುಡುಗೂರ ಕೈ?"

ಸಾತಪ್ಪ ಕಾಕಾ ನನ್ನ ಕೈ ಹಿಡಿದು ಎಳೆದು ಅವರ ಮುಂದೆ ಮಾಡಿದರು. "ನೋಡ್ರಿ ಇವನ್ನ. ನಿಮ್ಮ ಪುಡಿ ಬಂದ ಮ್ಯಾಲಿನ ಕೈ. ನಾಜೂಕ ಅಂದ್ರ ನಾಜೂಕ, ಮದಿಮಗಳ ಕೈ ಆಗ್ಯಾವ. ಕೆಲಸಕ್ಕಷ್ಟ ಬರೂದಿಲ್ಲ."

ಎಲ್ಲರೂ ನಕ್ಕರು. ಜಿನ್ನವ್ವ ನಗಲಿಲ್ಲ. ನನ್ನ ಹತ್ತೂ ಉಗುರುಗಳನ್ನು ಒಂದೊಂದಾಗಿ ನೋಡಿದರು. ಅವತ್ತು ನನಗೆ ಮೊದಲ ಸಲ ಅನಿಸಿತು, ಈ ಉಗುರುಗಳು ಪುಕ್ಕಟೆ ಬಂದದ್ದಲ್ಲ. ಇವಕ್ಕಾಗಿ ಯಾರೋ ಒಬ್ಬರು ಬೆಳಗಿನ ಜಾವ ಮಂತ್ರ ಹೇಳುತ್ತ ನಿಂತಿರುತ್ತಾರೆ.

ಹೊರಡುವಾಗ ಸಾತಪ್ಪ ಕಾಕಾ ಪುಡಿಯಲ್ಲಿ ನೆನೆಸಿ ಗಂಜಿ ಬಿಡಿಸಿದ ದಪ್ಪ ಬಿಳಿ ಬಟ್ಟೆಯ ತುಂಡೊಂದನ್ನು ಅವರಿಗೆ ಕೊಟ್ಟರು. ಹೊಸ ಬಟ್ಟೆಯಾದರೂ ಹತ್ತು ಸಲ ಒಗೆದ ಹಾಗೆ ಮೆತ್ತಗಿತ್ತು.

"ನೀರ ಸೋಸಾಕ ಆಗತೈತಿ" ಎಂದು ಜಿನ್ನವ್ವ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಅವರು ಕಂಡದ್ದನ್ನೆಲ್ಲ ಮಾತಾಜಿಗೆ ಹೇಳಿದರು. ಮಾತಾಜಿ ಹೇಳಿದ ಮಾತನ್ನು ಜಿನ್ನವ್ವ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. "ಕೊಂದದ್ದನ್ನ ಪುಣ್ಯ ಅನಬ್ಯಾಡ. ಅದು ಹಿಂಸಾನ. ಆದ್ರ ಸಂಸಾರಸ್ಥರ ಕಸಬಿನ್ಯಾಗ ಹಿಂಸಾ ಇರತದ. ಅದನ್ನ ಕಡಿಮಿ ಮಾಡೂದು, ಎಚ್ಚರದಿಂದ ಮಾಡೂದು ನಿನ್ನ ಧರ್ಮ. ಅದನ್ನ ನೀ ಮಾಡಾಕತ್ತಿ." ಉಗಿ ಬಿಡುವ ದಿನ ಒಂದೇ ಹೊತ್ತು ಊಟ ಮಾಡುವ ವ್ರತವನ್ನು ಕೊಟ್ಟರು. ಬಾಗಿಲಲ್ಲಿ ನಿಲ್ಲಬಹುದೇ ಎಂಬುದಕ್ಕೆ, "ನಿಲ್ಲೂದು ನಿನ್ನ ಕೈಯಾಗ ಅದ. ನಾ ಎಲ್ಲಿ ನಿಲ್ತೇನಿ ಅನ್ನೂದು ತವನಪ್ಪನ ಕೈಯಾಗೂ ಇಲ್ಲ, ನಿನ್ನ ಕೈಯಾಗೂ ಇಲ್ಲ" ಎಂದರಂತೆ.

ತವನಪ್ಪನವರನ್ನೂ ಕರೆದು ಅವರ ಅಂಗಡಿಯ ಬಗ್ಗೆ ಅದೇ ಪ್ರಶ್ನೆ ಕೇಳಿದರು ಎಂದು ಓಣಿಯಲ್ಲಿ ಮಾತಿದೆ. "ಅದರಿಂದ ಏನಾಗತದ?" ಅವರು ಏನು ಉತ್ತರ ಕೊಟ್ಟರೋ ಯಾರಿಗೂ ಗೊತ್ತಿಲ್ಲ.

ಅಂದಿನಿಂದ ಉಗಿ ಬಿಡದ ದಿನಗಳಲ್ಲಿ ಜಿನ್ನವ್ವ ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಉಗಿ ಬಿಟ್ಟ ದಿನ ನಿಲ್ಲುವುದಿಲ್ಲ. ಹಾಗೆಂದು ಅವರಿಗೆ ಯಾರೂ ಹೇಳಿಲ್ಲ. ಮಾತಾಜಿ ದಿನವೂ ಅದೇ ಓಣಿಯಲ್ಲಿ ಹಾದು ಹೋಗುತ್ತಾರೆ. ಜಿನ್ನವ್ವನ ಬಾಗಿಲಲ್ಲಿ ನಿಂತಿಲ್ಲ.

ನಾನು ಹೋದ ದಿನವೂ ನಿಲ್ಲಲಿಲ್ಲ. ಎದುರಿನ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೇನೆ. ಓಣಿಯ ಎರಡೂ ಬದಿಗೆ ಕಲಶ ಹಿಡಿದವರು. ಮಾತಾಜಿ ತಲೆ ತಗ್ಗಿಸಿ, ನೆಲ ನೋಡುತ್ತ ನಿಧಾನವಾಗಿ ಬರುತ್ತಾರೆ. "ಅತ್ರ ಅತ್ರ, ತಿಷ್ಠ ತಿಷ್ಠ" ಎಂದು, ಇಲ್ಲಿ ನಿಲ್ಲಿ ಎಂದು, ಜಿನ್ನವ್ವ ಕರೆಯುತ್ತಾರೆ. ಮಾತಾಜಿ ಒಂದು ಕ್ಷಣ ಕಣ್ಣೆತ್ತಿ ನೋಡಿ ಮುಂದೆ ನಡೆಯುತ್ತಾರೆ. ನಾಲ್ಕು ಮನೆ ದಾಟಿ ನಿಲ್ಲುತ್ತಾರೆ. ನಿಂತದ್ದು ತವನಪ್ಪನವರ ಬಾಗಿಲಲ್ಲಿ.

ಹರಿದ ಆ ಎರಡು ಪುಟಗಳನ್ನು ಮತ್ತೆ ಬರೆಯಬೇಕು ಎನಿಸುತ್ತದೆ. ಜಿನ್ನವ್ವ ಕಲಶವನ್ನು ಹೊಸ್ತಿಲ ಮೇಲೆ ಇಳಿಸಿ ನಿಂತಿದ್ದಾರೆ. ತವನಪ್ಪನವರು ಮಾತಾಜಿಗೆ ಮೂರು ಸುತ್ತು ಬಂದು, ಕೈಮುಗಿದು, ಒಳಗೆ ಕರೆದೊಯ್ಯುತ್ತಾರೆ. ಆಮೇಲೆ 'ಬರುವವರು ಬನ್ನಿ' ಎಂದು ಅಕ್ಕಪಕ್ಕದವರನ್ನು ಕರೆಯಲು ಬಾಗಿಲಿಗೆ ಬರುತ್ತಾರೆ. ಒಂದು ಮನೆಯಲ್ಲಿ ಆಹಾರವಾದರೆ ಉಳಿದ ಮನೆಯವರೂ ಮಡಿಯಲ್ಲಿ ಬಂದು ಒಂದೊಂದು ತುತ್ತು ಹಾಕಬಹುದು. ತವನಪ್ಪನವರ ಕಣ್ಣು ಜಿನ್ನವ್ವನ ಮೇಲೆ ನಿಲ್ಲುತ್ತದೆ.

"ಏ ಜಿನ್ನವ್ವಾ, ಅಲ್ಲೇ ಯಾಕ ನಿಂತಿ? ನಿಮ್ಮನಿ ನೀರ ತಗೊಂಡ ಬಾ. ಈ ಓಣ್ಯಾಗ ನಿನ್ನಂಗ ಸೋಸವ್ರು ಯಾರ ಉಳದಾರ?"

ದನಿಯೇನೂ ಮೆತ್ತಗಿಲ್ಲ. ಬೈದ ಹಾಗೆಯೇ ಇದೆ. ಆದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಅವರ ಬಗ್ಗೆ ಬರೆದ ಎರಡು ಪುಟ ಹರಿದದ್ದು ಒಳ್ಳೆಯದೇ ಆಯಿತು.

ಜಿನ್ನವ್ವ ಓಡುವುದಿಲ್ಲ. ಬೆಳಿಗ್ಗೆ ಗೋಕಾಕದ ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿಟ್ಟ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೋಗುತ್ತಾರೆ. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತದೆ. ಮಾತಾಜಿ ಬೊಗಸೆ ಒಡ್ಡಿದ್ದಾರೆ. ಉಗಿಯ ವಾಲ್ವನ್ನು ಒಂದೇ ಏಟಿಗೆ ತಿರುಗಿಸುವ ಆ ಕೈ ಈಗ ನೂಲಿನಷ್ಟು ಸಣ್ಣ ಧಾರೆಯಲ್ಲಿ ನೀರು ಬಿಡುತ್ತಿದೆ. ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ.

ಎಲ್ಲ ಮುಗಿದ ಮೇಲೆ ಬಾವಿಕಟ್ಟೆಯ ಹತ್ತಿರ ಸಿಕ್ಕರು. ಮುಖ ಕೆಂಪಾಗಿದೆ. ಮಧ್ಯಾಹ್ನದ ಪಾಳಿಗೆ ಹೋಗಬೇಕು, ಟೆಂಪೋ ತಪ್ಪಿದರೆ ಗೌಸ ಮಾತಾಡಿ ಮಾತಾಡಿ ಜೀವ ತಿನ್ನುತ್ತಾನೆ ಎಂದು ಅವಸರ ಮಾಡುತ್ತಿದ್ದಾರೆ. ನಾನು ಹೇಳಬೇಕೆಂದು ಬಂದ ಮಾತು ಒಂದಿತ್ತು. ನಮ್ಮ ಘಟಕದ ಎಲ್ಲರ ಪರವಾಗಿ ಹೇಳಬೇಕಾದದ್ದು. ನನ್ನ ಎರಡೂ ಕೈ ಜೋಡಿಸಿ ಮುಗಿದೆ.

"ನನಗ್ಯಾಕ ಮುಗೀತಿ? ಹುಚ್ಚ" ಎಂದು ನಕ್ಕರು. "ನಂದೊಂದ ಆಸೆ ಐತಿ, ಬರೀತಿದ್ರ ಬರಿ. ಆ ಮೇಡಮ್ಮಾರು ಇನ್ನಷ್ಟ ಓದಿ, ಕಡಿಮಿ ಜೀವದ್ಲೇ ಹೆಚ್ಚ ಪುಡಿ ಬರೂವಂಗ ಮಾಡ್ಲಿ. ಅಷ್ಟ ಸಾಕು."

ಹೇಳುತ್ತಲೇ ಸೋಸಿದ ಬಟ್ಟೆಯ ಮೇಲೆ ನೀರು ಹೊಯ್ದು ಕೊಂಡಿಯ ಕೊಡಕ್ಕೆ ಇಳಿಸಿಕೊಂಡರು. ಬಾವಿಯ ಅಂಚಿಗೆ ಬಾಗಿ ಹಗ್ಗ ಬಿಡತೊಡಗಿದರು, ಗೇಣು ಗೇಣಾಗಿ, ಕೊಡ ಎಲ್ಲಿಯೂ ಗೋಡೆಗೆ ತಾಗದ ಹಾಗೆ. ನೀರಿನ ಮಟ್ಟ ಮುಟ್ಟಿದಾಗ ದಾರ ಎಳೆದರು. ಕೊಡ ಬಾಗಿತು. ಸದ್ದೇ ಆಗಲಿಲ್ಲ.

ಕೆಳಗೆ ನೋಡುತ್ತಲೇ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಜಿನ್ನವ್ವ ಅಂದರು:

"ಇವು ಬದಕ್ತಾವ. ಇವುಕ್ಕ ಇದ ಮನಿ."